ಸೋಪಿನ ಮೇಲೆ ಓಬವ್ವ

ಚಿತ್ರದುರ್ಗದ ಕೋಟೆ ನೋಡಲು ಬರುವವರಿಗೆ ಮಾರಲೆಂದು ನಾವು ನಾಲ್ಕು ಜನ ಹೆಂಗಸರು ಮೇಕೆ ಹಾಲಿನ ಸೋಪು ಮಾಡುತ್ತೇವೆ. ನವೆಂಬರ್ 11ರ ಓಬವ್ವ ಜಯಂತಿಗೆ ಹೊಸದೊಂದು ಸೋಪು ತರೋಣ ಎಂದವಳು ನಾನೇ. ಒನಕೆ ಎತ್ತಿ ನಿಂತ ಓಬವ್ವನ ಮುಖದ ಅಚ್ಚು ಮಾಡಿಸಿದೆ. ‘ಓಬವ್ವ ಮೇಕೆ ಹಾಲಿನಲ್ಲಿ ಮುಖ ತೊಳೆಯುತ್ತಿದ್ದಳು’ ಎಂದು ಲೇಬಲ್ಲಿಗೂ ಬರೆದೆ.

ಕೆಲಸದಲ್ಲಿ ಮಾತ್ರ ಯಾವ ಅವಸರವನ್ನೂ ಮಾಡಿರಲಿಲ್ಲ. ಹಾಲಿಗೆ ವಾಸನೆ ಹತ್ತಬಾರದೆಂದು ಹೋತವನ್ನು ದೂರ ಕಟ್ಟಿಸುತ್ತೇವೆ. ಹಾಲನ್ನು ಫ್ರೀಜರಿನಲ್ಲಿಟ್ಟು ಕಲ್ಲಾಗಿಸುತ್ತೇವೆ. ಕಾಸ್ಟಿಕ್ ಸೋಡಾ ಬಿದ್ದೊಡನೆ ದ್ರವ ಕಾಯುತ್ತದೆ, ಹಾಲು ಬೆಚ್ಚಗಿದ್ದರೆ ಅದರ ಸಕ್ಕರೆ ಕರಟಿ ಕಂದಾಗಿ ಗಬ್ಬು ಹೊಡೆಯುತ್ತದೆ. ಆದ್ದರಿಂದ ಸ್ಟೀಲ್ ಪಾತ್ರೆಯನ್ನು ಐಸಿನಲ್ಲಿಟ್ಟು, ಹಾಲಿಗೆ ಸೋಡಾವನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಬೇಕು. 1 ಕಿಲೋ ಕೊಬ್ಬರಿ ಎಣ್ಣೆ ಪೂರ್ತಿ ಸೋಪಾಗಲು ಸುಮಾರು 183 ಗ್ರಾಂ ಸೋಡಾ ಹಿಡಿಯುತ್ತದೆ. ನಾವು ನೂರಕ್ಕೆ ಐದರಷ್ಟು ಕಡಿಮೆ ಹಾಕುತ್ತೇವೆ, ಉಳಿದ ಎಣ್ಣೆ ಚರ್ಮಕ್ಕೆ. ಕೊಯ್ದ ಮೇಲೆ ಐದು ವಾರ ಗಾಳಿಗೆ. ಅಷ್ಟು ದಿನ ಕಾದ ಇನ್ನೂರು ಸೋಪು ಹಲಗೆಯ ಮೇಲಿತ್ತು.

ಜಯಂತಿಯ ದಿನ ಒಬ್ಬ ಅಜ್ಜಿ ಬಂದರು. ಸೋಪು ಮೂಸಿ ಖುಷಿಪಟ್ಟರು, ತಿರುಗಿಸಿ ಅಚ್ಚು ನೋಡಿ ಕೆಳಗಿಟ್ಟರು.

‘ಯಾಕಜ್ಜಿ, ಇಷ್ಟ ಆಗ್ಲಿಲ್ವಾ?’

‘ಚೆನ್ನಾಗೈತಿ ಕಣವ್ವ. ಆದ್ರೆ ನಮ್ಮವ್ವನ ಮುಖಾನ ಕಾಲಿಗೆ ತಿಕ್ಕೊಂಡು ಬಚ್ಚಲಿಗೆ ಬಿಡ್ಲಾ?’

ನಾನು ಉತ್ತರ ಕೊಡಲಿಲ್ಲ, ನನ್ನಲ್ಲಿ ಉತ್ತರ ಇರಲಿಲ್ಲ. ಆ ಸಂಜೆ ಲೇಬಲ್ ತೆಗೆದು ಓದಿದರೆ ಇನ್ನೊಂದು ತಪ್ಪು ಕಣ್ಣಿಗೆ ಬಿತ್ತು. ಗಂಡ ಊಟಕ್ಕೆ ಕೂತಿದ್ದ, ಓಬವ್ವ ನೀರಿಗೆ ಹೋದಳು, ಕಿಂಡಿಯಲ್ಲಿ ಸದ್ದು ಕೇಳಿತು, ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳಿ ಬಂದಂತೆ ಒನಕೆಯಿಂದ ಬಡಿದಳು. ಚಿಕ್ಕಂದಿನಿಂದ ಕೇಳಿದ ಈ ಕಥೆಯಲ್ಲಿ ಮೇಕೆ ಹಾಲು ಎಲ್ಲಿದೆ? ಮಾರಾಟಕ್ಕೆಂದು ನಾನು ಸೇರಿಸಿದ್ದು. ಊರು ಇಷ್ಟು ಕಾಲ ಕಾಪಾಡಿಕೊಂಡು ಬಂದ ಹೆಂಗಸಿನ ಬಾಯಿಗೆ ನನ್ನ ಜಾಹೀರಾತು ತುರುಕಿದ್ದೆ. ಅದು ಈಗಲೂ ಚುಚ್ಚುತ್ತದೆ.

ಉಳಿದ ಸೋಪನ್ನೆಲ್ಲ ತುರಿದು, ಸ್ವಲ್ಪ ಹಾಲು ಸೇರಿಸಿ, ಸಣ್ಣ ಉರಿಯಲ್ಲಿ ಮತ್ತೆ ಕರಗಿಸಿ ಸಾದಾ ಬಿಲ್ಲೆ ಮಾಡಿದೆವು. ಮುಂದಿನದಕ್ಕೆ ಏನು ಹಾಕೋಣವೆಂದು ಕೂತಾಗ ನಮ್ಮಲ್ಲಿ ಹಿರಿಯಾಕೆ ಹೇಳಿದರು: ‘ಒನಕೆ ದಿನಾ ಮಾಡ್ತಿದ್ದದ್ದು ಕುಟ್ಟೋ ಕೆಲಸ ಅಲ್ವೇನೆ?’ ಹೌದಲ್ಲ! ಅಂದೊಂದು ದಿನ ಆಯುಧವಾದದ್ದು ಉಳಿದ ದಿನಗಳಲ್ಲಿ ಕಾಳು ಕುಟ್ಟುತ್ತಿದ್ದ ಮರದ ತುಂಡು. ನನಗೆ ಆ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡದು ಅದೇ.

ಈಗ ನವಣೆ ಕುಟ್ಟಿದ ತೌಡನ್ನು ಸೋಪಿಗೆ ಸೇರಿಸುತ್ತೇವೆ. ಅಚ್ಚಿಲ್ಲ. ಲೇಬಲ್ಲಿನಲ್ಲಿ ‘ಒನಕೆ ತೌಡು, ಮೇಕೆ ಹಾಲು’ ಎಂದಷ್ಟೇ, ಕೆಳಗೆ ಊರಿನ ಹೆಸರು. ಮಾಡುವವರಿಗೆ ಒಂದು ಮಾತು: ತೌಡನ್ನು ಹಸಿಯಾಗಿ ಹಾಕಬೇಡಿ, ಅದರ ಜಿಡ್ಡು ಬೇಗ ಕಮಟುತ್ತದೆ. ಘಮ ಬರುವವರೆಗೆ ಹುರಿದು, ಬಟ್ಟೆಯಲ್ಲಿ ಜರಡಿ ಹಿಡಿದು, ಮಿಶ್ರಣ ದೋಸೆ ಹಿಟ್ಟಿನಷ್ಟು ಗಟ್ಟಿಯಾದ ಮೇಲೆ ಸೇರಿಸಿ. ದಪ್ಪ ಉಳಿದರೆ ಮಕ್ಕಳ ಮೈ ಗೀರುತ್ತದೆ.