ಆಷಾಢದಲ್ಲೊಂದು ಜೀಪು ವ್ಯಾಪಾರ

ಹಳೆಯ ಜೀಪೊಂದು ಮಾರಾಟಕ್ಕಿದೆ ಎಂದು ಯಾರಾದರೂ ಹೇಳಿದರೆ, ನನ್ನ ಪತಿ ಬೆಲೆ ಕೇಳುವುದಕ್ಕೆ ಮೊದಲು ಅದು ಹೈ ಬಾನೆಟ್ಟೋ (ಎಂಜಿನ್ ಮುಚ್ಚಳ ಎತ್ತರದ್ದೋ) ಲೋ ಬಾನೆಟ್ಟೋ ಎಂದು ಕೇಳುತ್ತಾರೆ, ನಾನು ಆರ್.ಸಿ. ಪುಸ್ತಕ ಯಾರ ಹೆಸರಿನಲ್ಲಿದೆ ಎಂದು ಕೇಳುತ್ತೇನೆ. ಹೊಳಲ್ಕೆರೆ ಸೀಮೆಯ ನನ್ನ ತವರಿನ ತೋಟದಲ್ಲಿ ಜೀಪಿನಲ್ಲೇ ಅಡಿಕೆ ಗೊನೆ ಸಾಗಿಸುತ್ತಿದ್ದುದರಿಂದ ಈ ಹುಚ್ಚು ನನಗೆ ಮದುವೆಯಿಂದ ಅಂಟಿದ್ದೇನಲ್ಲ. ಕಳೆದ ಆಷಾಢದಲ್ಲಿ ಒಂದೇ ವಾರದೊಳಗೆ ಎರಡು ಜೀಪುಗಳ ಸುದ್ದಿ ಬಂತು. ಒಂದು, ಚಿತ್ರದುರ್ಗದ ಹೊರವಲಯದ ಶೆಡ್ಡೊಂದರಲ್ಲಿ ಮಾರಾಟಕ್ಕೆ ನಿಂತಿದ್ದ ‘ಎರಡನೇ ಮಹಾಯುದ್ಧದ ವಿಲ್ಲೀಸ್’, ಅಂದರೆ ಅಮೆರಿಕದ ವಿಲ್ಲೀಸ್ ಕಂಪನಿಯ ಮಿಲಿಟರಿ ಜೀಪು. ಇನ್ನೊಂದು, ಭೀಮಸಮುದ್ರದ ಕಡೆಯ ಅಡಿಕೆ ತೋಟದಲ್ಲಿದ್ದ ಮಹೀಂದ್ರ. ಆಷಾಢದಲ್ಲಿ ಗಾಡಿ ಕೊಳ್ಳಬಾರದೆಂದು ಅತ್ತೆಯವರು ತಡೆದರು. ನೋಡಿ ಬರುವುದಕ್ಕೆ ಯಾವ ಮಾಸದ ಅಡ್ಡಿಯೂ ಇಲ್ಲವೆಂದು ಅವರನ್ನು ಒಪ್ಪಿಸಿ ಭಾನುವಾರ ಬೆಳಿಗ್ಗೆ ದಾವಣಗೆರೆ ಬಿಟ್ಟೆವು. ಗಿರಾಕಿಗಳು ಕಡಿಮೆಯಿರುವ ಈ ತಿಂಗಳಲ್ಲಿ ಮಾರುವವರು ಬೆಲೆಯಲ್ಲಿ ಸ್ವಲ್ಪ ಬಗ್ಗುತ್ತಾರೆಂಬ ಲೆಕ್ಕಾಚಾರ ನನ್ನ ಮನಸ್ಸಿನಲ್ಲಿ ಇತ್ತೆಂಬುದನ್ನು ಅತ್ತೆಯವರಿಗೆ ಹೇಳಲಿಲ್ಲ.

ಹೋದದ್ದು ನಮ್ಮದೇ ಮಹೀಂದ್ರ ಜೀಪು ಎಂಎಂ 540ರಲ್ಲಿ. ಅದರ 2,112 ಸಿಸಿಯ ಪೂಜೋ ಡೀಸೆಲ್ ಎಂಜಿನ್ನಿಗೆ ಬೆಳಗಿನ ಚಳಿಯಲ್ಲಿ ಹೀಟರ್ ಕಾಯಿಸಿಯೇ ಸ್ಟಾರ್ಟ್ ಕೊಡಬೇಕು. ಚಿತ್ರದುರ್ಗಕ್ಕೆ ಸುಮಾರು 60 ಕಿ.ಮೀ. ಹೆದ್ದಾರಿ, ಕಾರಿನವರಿಗೆ ಅದು ಒಂದು ಗಂಟೆಯ ದಾರಿಯೂ ಅಲ್ಲ. ನಮಗೆ ಮಾತ್ರ ಭರಮಸಾಗರ ದಾಟಿದ ಮೇಲೆ ಆಷಾಢದ ಗಾಳಿ ಅಡ್ಡಲಾಗಿ ಹೊಡೆಯತೊಡಗಿ, ಕ್ಯಾನ್ವಾಸ್ ಹೊದಿಕೆ ಪಟಪಟನೆ ಬಡಿದುಕೊಳ್ಳುತ್ತ, ಸ್ಟೀರಿಂಗ್ ಹಿಡಿದ ಕೈಗೆ ಒಂದು ಕ್ಷಣವೂ ಬಿಡುವಿಲ್ಲದಂತಾಯಿತು. ದುರ್ಗದ ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಏಕೆ ಸಾಲಾಗಿ ನಿಲ್ಲಿಸಿದ್ದಾರೆಂಬುದು ಬಾಗಿಲಿಲ್ಲದ ಜೀಪಿನಲ್ಲಿ ಕುಳಿತವರಿಗೆ ಬೇರೆ ಯಾರೂ ವಿವರಿಸಬೇಕಾಗಿಲ್ಲ.

ಶೆಡ್ಡಿನಲ್ಲಿದ್ದ ಜೀಪು ನೋಡುವುದಕ್ಕೆ ಸೊಗಸಾಗಿತ್ತು. ಮಿಲಿಟರಿ ಹಸಿರು ಬಣ್ಣ, ಬಾನೆಟ್ ಮೇಲೆ ಬಿಳಿಯ ನಕ್ಷತ್ರ, ಹಿಂಬದಿಯಲ್ಲಿ ಜೆರ್ರಿಕ್ಯಾನ್, ಪಕ್ಕದಲ್ಲಿ ಪಟ್ಟಿಯಿಂದ ಬಿಗಿದ ಕೊಡಲಿ ಮತ್ತು ಸಲಿಕೆ. 1944ರ ಗಾಡಿ, ಬರ್ಮಾ ಗಡಿಯಲ್ಲಿ ಓಡಿದ್ದು, ಒಂಬತ್ತು ಲಕ್ಷ ಎಂದರು ಶೆಡ್ಡಿನವರು. ಬರ್ಮಾದ ಮಾತು ಅಸಂಭವವೇನಲ್ಲ. 1941ರಿಂದ 1945ರವರೆಗೆ ವಿಲ್ಲೀಸ್ ಎಂಬಿ ಹಾಗೂ ಅದೇ ನಕ್ಷೆಯ ಫೋರ್ಡ್ ಜಿಪಿಡಬ್ಲ್ಯು ಎರಡೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳು ತಯಾರಾದವು. ಯುದ್ಧ ಮುಗಿದ ಮೇಲೆ ಭಾರತದಲ್ಲಿ ಉಳಿದವುಗಳಲ್ಲಿ ಅನೇಕವು ಹರಾಜಿನಲ್ಲಿ ಖಾಸಗಿಯವರ ಕೈಸೇರಿದವು. ಆದರೆ ಆ ಕಾಲದ ಗಾಡಿ ಹೌದೋ ಅಲ್ಲವೋ ಎಂಬುದನ್ನು ಮಾರುವವರ ಬಾಯಿಂದ ಕೇಳುವ ಅಗತ್ಯವಿಲ್ಲ, ಕಬ್ಬಿಣವೇ ಹೇಳುತ್ತದೆ.

ನನ್ನ ಪತಿ ಮುಂಭಾಗದ ಗ್ರಿಲ್ಲಿನ ಸೀಳುಗಳನ್ನು ಎಣಿಸಿದರು. ಒಂಬತ್ತು ಇದ್ದವು, ಅದು ಸರಿಯೇ. ನಾಗರಿಕ ಬಳಕೆಗೆಂದು ಯುದ್ಧಾನಂತರ ಬಂದ ಜೀಪುಗಳಿಗೆ ಏಳೇ ಇರುತ್ತವೆ. ಆದರೆ ಅವರು ಸೀಳುಗಳ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಾಗ ಅದು ಕಾರ್ಖಾನೆಯ ಅಚ್ಚಿನಲ್ಲಿ ಒತ್ತಿದ್ದಲ್ಲ, ತಗಡನ್ನು ಈಚೆಗೆ ಕತ್ತರಿಸಿ ಉಜ್ಜಿದ್ದು ಎಂದು ತಿಳಿಯಿತು. ಮಿಲಿಟರಿ ಜೀಪಿನ ಹೆಡ್‌ಲೈಟುಗಳು ಚಿಕ್ಕವು, ಗ್ರಿಲ್ಲಿನ ಹಿಂದೆ ಒಳಸರಿದಿರುತ್ತವೆ, ರಾತ್ರಿ ಎಂಜಿನ್ ರಿಪೇರಿಗೆ ಬೆಳಕು ಬೇಕೆಂದರೆ ಹಿಂದಕ್ಕೆ ತಿರುಗಿಸಿಕೊಳ್ಳಬಹುದು. ಇಲ್ಲಿನವು ದೊಡ್ಡವು, ಮುಂದಕ್ಕೆ ಉಬ್ಬಿಕೊಂಡಿದ್ದವು. ಯುದ್ಧದ ಜೀಪಿಗೆ ಹಿಂದೆ ತೆರೆಯುವ ಬಾಗಿಲು ಇರುವುದಿಲ್ಲ. ಇದಕ್ಕೂ ಇರಲಿಲ್ಲ, ಆದರೆ ನಾನು ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಹಿಂಬದಿಯ ತಗಡಿನ ಮೇಲೆ ಸರಿಸುತ್ತ ಹೋದಾಗ ಎರಡೂ ಅಂಚುಗಳಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದು ಗೆರೆಯುದ್ದಕ್ಕೂ ಅದು ಹಿಡಿಯಲೇ ಇಲ್ಲ. ಬಾಗಿಲನ್ನು ವೆಲ್ಡ್ ಮಾಡಿ ಮೇಲೆ ಪುಟ್ಟಿ ತುಂಬಿದ್ದರು. ಕೊನೆಗೆ ನನ್ನ ಪತಿ ಗೋಣಿಚೀಲ ಹಾಸಿಕೊಂಡು ಗಾಡಿಯ ಕೆಳಗೆ ಮಲಗಿ ನೋಡಿದರೆ, ವಿಲ್ಲೀಸಿನ ಚಾಸಿಯ ಮುಂಭಾಗದಲ್ಲಿ ಅಡ್ಡಲಾಗಿ ಇರಬೇಕಾದ ದುಂಡು ಕೊಳವೆಯೂ ಇರಲಿಲ್ಲ. ಎಂಜಿನ್ ಡೀಸೆಲ್ಲಿನದಾಗಿತ್ತು, ಅದನ್ನು ನಾವು ಲೆಕ್ಕಕ್ಕೆ ಹಿಡಿಯಲಿಲ್ಲ, ಏಕೆಂದರೆ ಪೆಟ್ರೋಲ್ ಖರ್ಚಿಗೆ ಹೆದರಿ ಡೀಸೆಲ್ ಎಂಜಿನ್ ಕೂರಿಸಿಕೊಂಡ ಅಸಲಿ ಜೀಪುಗಳೂ ಬೇಕಾದಷ್ಟಿವೆ. ಆರ್.ಸಿ. ತೆರೆದು ನೋಡಿದೆ. ಮಹೀಂದ್ರ, ಸಿಜೆ 3ಬಿ, 1967.

“ಸಾರ್, ಇದು ಹೈ ಬಾನೆಟ್ ಗಾಡಿಯಲ್ಲವೇ?” ಎಂದು ಶೆಡ್ಡಿನವರನ್ನು ಕೇಳಿದೆ.

ಅವರೇನೂ ಸಂಕೋಚಪಡಲಿಲ್ಲ. “ಗಿರಾಕಿಗೆ ಮಿಲಿಟರಿನೇ ಬೇಕು ಮೇಡಂ. ಹೈ ಬಾನೆಟ್ ಅಂದ್ರೆ ತಿರುಗಿ ಕೂಡ ನೋಡಲ್ಲ.”

ಅವರು ಹೇಳಿದ್ದು ನಿಜ, ನನಗೆ ಬೇಸರ ತರುವುದೂ ಅದೇ. ಹಳೆಯ ಜೀಪಿನ ಮಾರುಕಟ್ಟೆಯಲ್ಲಿ ಈಗ ಯುದ್ಧದ ಕಥೆಗೆ ಕೊಡುವ ಬೆಲೆಯನ್ನು ಯಾರೂ ಗಾಡಿಗೆ ಕೊಡುತ್ತಿಲ್ಲ. ಮಹೀಂದ್ರದವರು 1947ರಲ್ಲಿ ಮುಂಬಯಿಯಲ್ಲಿ ಬಿಡಿಭಾಗಗಳಿಂದ ವಿಲ್ಲೀಸ್ ಜೀಪುಗಳನ್ನು ಜೋಡಿಸಲು ಆರಂಭಿಸಿ, ಮುಂದೆ ಪರವಾನಗಿಯ ಮೇಲೆ ಇಲ್ಲಿಯೇ ತಯಾರಿಸಿದ ಸಿಜೆ 3ಬಿಯ ಎತ್ತರದ ಬಾನೆಟ್ ಯಾರದೋ ಅಭಿರುಚಿಯ ದೋಷವಲ್ಲ. ಯುದ್ಧಕಾಲದ ಎಂಜಿನ್ನಿನಲ್ಲಿ ವಾಲ್ವುಗಳೆಲ್ಲ ಬ್ಲಾಕಿನ ಪಕ್ಕದಲ್ಲಿದ್ದವು, ಅದರ ಶಕ್ತಿ 60 ಅಶ್ವಶಕ್ತಿ. ಅದೇ 134 ಘನ ಅಂಗುಲದ ಎಂಜಿನ್ನಿನ ಇಂಟೇಕ್ ವಾಲ್ವುಗಳನ್ನು ಬ್ಲಾಕಿನ ಮೇಲಿರುವ ಹೆಡ್ಡಿಗೆ ತಂದು ಶಕ್ತಿಯನ್ನು 70ರ ಮೇಲಕ್ಕೆ ಏರಿಸಿದಾಗ ಎಂಜಿನ್ನೇ ಎತ್ತರವಾಯಿತು, ಅದಕ್ಕೆ ಜಾಗ ಮಾಡಿಕೊಡಲು ಬಾನೆಟ್ ಏರಿತು. ನಮ್ಮ ಕಾಲುವೆ ಕೆಲಸ, ಗಣಿ, ತೋಟ, ಪೊಲೀಸ್ ಠಾಣೆಗಳಲ್ಲಿ ದುಡಿದ ಗಾಡಿ ಅದು. ಅದನ್ನು ಕತ್ತರಿಸಿ ಅಮೆರಿಕದ ಸೈನಿಕನ ವೇಷ ಹಾಕಿಸುವುದರಿಂದ ಎರಡು ಚರಿತ್ರೆಗಳೂ ಕೆಡುತ್ತವೆ. ಕಾನೂನೂ ಇದನ್ನು ಒಪ್ಪುವುದಿಲ್ಲ. ಕಾರ್ಖಾನೆಯ ಮೂಲ ಸ್ವರೂಪವನ್ನು ಮನಬಂದಂತೆ ಬದಲಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. 50 ವರ್ಷ ದಾಟಿದ ವಾಹನಗಳಿಗೆಂದು 2021ರಲ್ಲಿ ಬಂದ ವಿಂಟೇಜ್ ನೋಂದಣಿಯೂ ಮೂಲ ರೂಪದಲ್ಲಿ ಉಳಿದವುಗಳಿಗೆ ಮಾತ್ರ. ಶೆಡ್ಡಿನವರು ಟೀ ತರಿಸಿದ್ದರು. ಕುಡಿದು, ಬೆಲೆಯ ಮಾತೆತ್ತದೆ ಹೊರಟೆವು.

ಭೀಮಸಮುದ್ರದ ದಾರಿಯಲ್ಲಿ ಗಾಳಿ ಕಡಿಮೆಯಾಗಿ ತೋಟಗಳ ನೆರಳು ಸಿಕ್ಕಿತು. ಎಪ್ಪತ್ತು ದಾಟಿದಂತೆ ಕಾಣುತ್ತಿದ್ದ ತೋಟದ ಯಜಮಾನರು ಅಡಿಕೆ ಬೇಯಿಸುವ ಒಲೆಯ ಪಕ್ಕದ ಕೊಟ್ಟಿಗೆಯಲ್ಲಿ ಜೀಪು ನಿಲ್ಲಿಸಿದ್ದರು. ಬಣ್ಣ ಯಾವುದೆಂದು ಹೇಳುವಂತಿರಲಿಲ್ಲ, ಹಿಂದಿನ ಸೀಟುಗಳಿದ್ದ ಜಾಗದಲ್ಲಿ ಗೊನೆಗಳ ಕಲೆ ಹಿಡಿದಿತ್ತು, ಒಂದು ಮಡ್‌ಗಾರ್ಡನ್ನು ತಂತಿಯಿಂದ ಕಟ್ಟಲಾಗಿತ್ತು. ಆದರೆ ಗ್ರಿಲ್ಲಿನಲ್ಲಿ ಏಳು ಸೀಳು, ಮುಂದೆ ಇಡಿಯಾದ ಒಂದೇ ಗಾಜು, ಹಿಂದೆ ಸರಪಳಿಯಲ್ಲಿ ತೂಗುವ ಬಾಗಿಲು, ಮತ್ತು ಬಾನೆಟ್ ಎತ್ತಿದಾಗ ಹೆಡ್ಡಿನ ಮೇಲೆಯೇ ಕುಳಿತ ಕಾರ್ಬ್ಯುರೇಟರ್. ಪೆಟ್ರೋಲ್ ಎಂಜಿನ್ ತನ್ನ ಜಾಗದಲ್ಲೇ ಇತ್ತು. ನಂಬರ್ ಪ್ಲೇಟು ಮೈಸೂರು ರಾಜ್ಯದ ಕಾಲದ ‘ಎಂ.ವೈ.’ ಅಕ್ಷರಗಳದ್ದು. ಚಾಸಿ ನಂಬರನ್ನು ಸೀಮೆಎಣ್ಣೆ ಬಟ್ಟೆಯಿಂದ ಉಜ್ಜಿ ಆರ್.ಸಿ. ಜೊತೆ ಹೋಲಿಸಿದೆ, ಒಂದಂಕಿಯೂ ತಪ್ಪಿರಲಿಲ್ಲ.

ತೋಟದ ಬಂಡಿದಾರಿಯಲ್ಲಿ ಮೊದಲು ನನ್ನ ಪತಿ ಓಡಿಸಿದರು, ಆಮೇಲೆ ನಾನು. ಮೂರೇ ಗೇರು. ಕಾಲುವೆಯ ಏರಿ ಹತ್ತುವಾಗ ಒಂದನೆಯದಕ್ಕೆ ಇಳಿಸಲು ಹೋದೆ, ಗೇರು ಗರಗರ ಎಂದಿತು. “ನಿಲ್ಸಿ ಹಾಕವ್ವಾ, ಓಡ್ತಾ ಇದ್ರೆ ಒಂದ್ನೇದು ಬೀಳಲ್ಲ” ಎಂದು ಯಜಮಾನರು ಹಿಂದಿನಿಂದ ಕೂಗಿದರು. ಒಂದನೇ ಗೇರಿಗೆ ಸಿಂಕ್ರೊ (ಓಡುವಾಗಲೇ ಗೇರು ಸಲೀಸಾಗಿ ಬೀಳಿಸುವ ಏರ್ಪಾಡು) ಇಲ್ಲದ ಆ ಪೆಟ್ಟಿಗೆಯ ಸ್ವಭಾವ ಅದು. ಎರಡು ಚಿಕ್ಕ ಲಿವರುಗಳನ್ನು ಎಳೆದು ಫೋರ್‌ವೀಲಿಗೆ ಹಾಕಿದ ಮೇಲೆ ಮೊಣಕಾಲುದ್ದದ ಕೆಸರಿನಲ್ಲೂ ಅವಸರವಿಲ್ಲದೆ ಏರಿತು. ಸ್ಟೀರಿಂಗಿನಲ್ಲಿ ಪ್ಲೇ ಬಹಳ ಇದೆ, ಬ್ರೇಕನ್ನು ಎರಡು ಸಲ ಒತ್ತಬೇಕು, ಚಾಲಕನ ಸೀಟಿನ ಕೆಳಗಿನ ಟ್ಯಾಂಕಿನಿಂದ ಪೆಟ್ರೋಲ್ ವಾಸನೆ ಬರುತ್ತದೆ. ಇವೆಲ್ಲ ಲೇತಿನಲ್ಲಿ, ಟಿಂಕರನ ಕೈಯಲ್ಲಿ ಸರಿಹೋಗುವ ಸಂಗತಿಗಳು.

ಯಜಮಾನರು ಮೂರು ಲಕ್ಷ ಎಂದರು, ನನ್ನ ಪತಿ ಚೌಕಾಸಿ ಮಾಡದೆ ಒಪ್ಪಿಬಿಟ್ಟರು, ಆಷಾಢದ ನನ್ನ ಲೆಕ್ಕಾಚಾರ ಅಲ್ಲಿಗೆ ಮುಗಿಯಿತು. ಉಳಿದದ್ದು ಕಾಗದದ ಕೆಲಸ. ಗಾಡಿ ತೀರಿಕೊಂಡ ಅವರ ತಂದೆಯ ಹೆಸರಿನಲ್ಲೇ ಇತ್ತು. ಮೊದಲು ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಆಗಬೇಕು, ಅದಕ್ಕೆ ಮರಣ ಪತ್ರ ಬೇಕು, ಇಬ್ಬರು ತಮ್ಮಂದಿರು ಒಪ್ಪಿ ಸಹಿ ಹಾಕಬೇಕು. ಆ ಮೇಲೆ 29 ಮತ್ತು 30ನೇ ಫಾರಂಗಳಲ್ಲಿ ನಮ್ಮ ಹೆಸರಿಗೆ. ವಿಂಟೇಜ್ ನೋಂದಣಿಯ ಯೋಚನೆಯನ್ನು ಹೊಳಲ್ಕೆರೆಯಲ್ಲಿ ಮಂಡಕ್ಕಿ ತಿನ್ನುತ್ತ ಇಬ್ಬರೂ ಚರ್ಚಿಸಿ ಕೈಬಿಟ್ಟೆವು. 20,000 ರೂಪಾಯಿ ಶುಲ್ಕ ದೊಡ್ಡದೇನಲ್ಲ, ಆದರೆ ಆ ನೋಂದಣಿಯ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ಇಂಧನ, ರಿಪೇರಿಗಳಂಥ ಕಾರಣಗಳಿಗಷ್ಟೇ ರಸ್ತೆಗಿಳಿಸಬಹುದು. ನಮಗೆ ಸೂಳೆಕೆರೆಗೂ ವಾಣಿವಿಲಾಸ ಸಾಗರಕ್ಕೂ ಮನಸ್ಸಾದಾಗ ಹೋಗಿಬರುವ ಗಾಡಿ ಬೇಕು. ಐದೈದು ವರ್ಷಕ್ಕೊಮ್ಮೆ ಎಫ್.ಸಿ. (ಗಾಡಿಯ ಸುಸ್ಥಿತಿ ಪರೀಕ್ಷೆ) ಮಾಡಿಸಿ ಸಾಮಾನ್ಯ ನೋಂದಣಿಯನ್ನೇ ನವೀಕರಿಸುವುದೆಂದು ತೀರ್ಮಾನವಾಯಿತು.

ಯಜಮಾನರದ್ದು ಒಂದೇ ಷರತ್ತು: ಅಡಿಕೆ ಕೊಯ್ಲು ಮುಗಿಯುವವರೆಗೆ ಜೀಪು ಬಿಡುವುದಿಲ್ಲ, ಗೊನೆ ಸಾಗಿಸಲು ಅವರಿಗೆ ಬೇರೆ ಗಾಡಿಯಿಲ್ಲ. ತಮ್ಮಂದಿರ ಸಹಿಗೂ ಅಷ್ಟೇ ಸಮಯ ಹಿಡಿಯಬಹುದೆಂದು ನಾವು ಒಪ್ಪಿದೆವು. ಅಷ್ಟರೊಳಗೆ 6.00-16 ಅಳತೆಯ ನಾಲ್ಕು ಟೈರು ಹುಡುಕುವುದು ನನ್ನ ಪತಿಯ ಪಾಲಿಗೆ, ಆರ್.ಟಿ.ಓ. ಕಚೇರಿಗೆ ಅಲೆಯುವುದು ನನ್ನ ಪಾಲಿಗೆ ಬಂದಿದೆ.