90 ಮಿಲಿಮೀಟರ್ ರಬ್ಬರು, ಮಲೆನಾಡಿನ ಹೊಂಡ

ಶ್ರಾವಣದ ಜಡಿಮಳೆ ಹಿಡಿದಾಗ ತೀರ್ಥಹಳ್ಳಿ–ಶಿವಮೊಗ್ಗ ರಸ್ತೆಯಲ್ಲಿ ಎಲ್ಲಿ ಬರೀ ನೀರು ನಿಂತಿದೆ, ಎಲ್ಲಿ ನೀರಿನಡಿ ಹೊಂಡವಿದೆ ಎಂದು ದಿನವೂ ಓಡಾಡುವವರಿಗೂ ಹೇಳಲಾಗುವುದಿಲ್ಲ. ಕಳೆದ ಮಳೆಗಾಲದ ಒಂದು ಬೆಳಿಗ್ಗೆ, ಬೆಂಗಳೂರಿನಿಂದ ಬಂದಿದ್ದ ಚಿಕ್ಕಪ್ಪನ ಮಗನ ಕಾರಿನಲ್ಲಿ ನಾನು ಶಿವಮೊಗ್ಗಕ್ಕೆ ಮರಳುತ್ತಿದ್ದೆ. ಮಂಡಗದ್ದೆ ದಾಟಿದ ಮೇಲೆ, ಎದುರಿನಿಂದ ಬಂದ ಬಸ್ಸಿಗೆ ಜಾಗ ಕೊಡಲು ಅಂಚಿಗೆ ಸರಿದಾಗ, ಎಡಗಡೆಯ ಮುಂದಿನ ಚಕ್ರ ಅಂಥದೊಂದು ಹೊಂಡಕ್ಕೆ ಇಳಿಯಿತು. ರಬ್ಬರಿನ ದಡ್ ಎಂಬ ಸದ್ದಿನ ಜೊತೆಗೆ ಲೋಹಕ್ಕೆ ಪೆಟ್ಟು ಬಿದ್ದ ಠಣ್ ಎಂಬ ಸದ್ದೂ ಕೇಳಿತು. ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಲೋಹಶಾಸ್ತ್ರ ಕಲಿಸುವ ನನಗೆ ಆ ಎರಡನೆಯ ಸದ್ದು ಹಿಡಿಸಲಿಲ್ಲ.

ಕೆಳಗಿಳಿದು ನೋಡಿದರೆ ಏನೂ ಆಗಿರಲಿಲ್ಲ. ಟೈರು ಮೊದಲಿನಂತೆಯೇ ನಿಂತಿತ್ತು, ರಿಮ್ಮಿನ ಮುಖದ ಮೇಲೆ ಒಂದು ಗೀರೂ ಇರಲಿಲ್ಲ. ಆದರೆ ಸ್ವಲ್ಪ ದೂರ ಹೋಗುವಷ್ಟರಲ್ಲಿ ಆ ಚಕ್ರದ ಗಾಳಿ ಇಳಿಯುತ್ತಿದೆ ಎಂಬ ಎಚ್ಚರಿಕೆ ಡ್ಯಾಶ್‌ಬೋರ್ಡಿನಲ್ಲಿ ಮೂಡಿತು. ಅದು ರನ್-ಫ್ಲಾಟ್ ಟೈರು. ಅದರ ಪಕ್ಕದ ಗೋಡೆಯನ್ನು, ಎಂದರೆ ಸೈಡ್‌ವಾಲನ್ನು, ಎಷ್ಟು ದಪ್ಪವಾಗಿ ಕಟ್ಟಿರುತ್ತಾರೆಂದರೆ ಗಾಳಿ ಪೂರ್ತಿ ಹೋದರೂ ಅದು ಕಾರಿನ ಭಾರವನ್ನು ಹೊತ್ತು, ಗಂಟೆಗೆ 80 ಕಿ.ಮೀ. ಮೀರದ ವೇಗದಲ್ಲಿ ಸುಮಾರು 80 ಕಿ.ಮೀ. ದೂರ ಓಡುತ್ತದೆ. ಗಾಳಿ ಹೋದದ್ದು ಕಣ್ಣಿಗೆ ಕಾಣುವುದಿಲ್ಲವಾದ್ದರಿಂದಲೇ ಇಂಥ ಕಾರುಗಳಿಗೆ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಬೇಕೇಬೇಕು. ಸ್ಟೆಪ್ನಿ ಇಲ್ಲದ ಆ ಕಾರನ್ನು ಸಕ್ರೆಬೈಲು, ಗಾಜನೂರು ದಾಟಿಸಿ, ಊರೊಳಗಿನಿಂದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ವರೆಗೆ ನಿಧಾನವಾಗಿ ತರಲು ಸಾಧ್ಯವಾದದ್ದು ಆ ಟೈರಿನಿಂದಲೇ. ಮೊಬೈಲ್ ಸಿಗ್ನಲ್ ಬಂದು ಹೋಗುವ ಕಾಡುರಸ್ತೆಯಲ್ಲಿ, ಸುರಿಯುವ ಮಳೆಯಲ್ಲಿ ಜಾಕ್ ಹಿಡಿದು ಕೂರದಂತೆ ಕಾಪಾಡಿದ ಅದರ ಉಪಕಾರವನ್ನು ನಾನು ಸಣ್ಣದೆಂದು ಹೇಳಲಾರೆ.

ಅಂಗಡಿಯಲ್ಲಿ ಚಕ್ರ ಬಿಚ್ಚಿ, ಒಳಮೈಗೆ ಮೆತ್ತಿದ್ದ ಕೆಮ್ಮಣ್ಣು ತೊಳೆದು, ಸೋಪಿನ ನೀರು ಹಚ್ಚಿ ಗಾಳಿ ತುಂಬಿದಾಗ ನಿಜ ಸ್ಥಿತಿ ಕಂಡಿತು. ರಿಮ್ಮಿನ ಒಳ ಅಂಚಿನಿಂದ ಮಧ್ಯಭಾಗದ ಕಡೆಗೆ, ಕಿರುಬೆರಳಿನಷ್ಟು ಉದ್ದಕ್ಕೆ, ಸಾಸಿವೆ ಗಾತ್ರದ ಗುಳ್ಳೆಗಳು ಒಂದೇ ಸಾಲಿನಲ್ಲಿ ಏಳುತ್ತಿದ್ದವು. ನೀರು ಒರೆಸಿದರೆ ಕೂದಲೆಳೆಯಷ್ಟು ತೆಳುವಾದ ಗೆರೆ. ಉಗುರು ಆಡಿಸಿದರೆ ಮಾತ್ರ ತಡೆಯುತ್ತಿತ್ತು. ಅಲಾಯ್ ಚಕ್ರ ಬಿರುಕು ಬಿಡುವುದು ಬಹುಮಟ್ಟಿಗೆ ಇಲ್ಲಿಯೇ. ಕಡ್ಡಿಗಳು ರಿಮ್ಮಿನ ಹೊರಮುಖದ ಕಡೆಗೆ ಕೂಡಿಕೊಂಡಿರುವುದರಿಂದ ಒಳ ಅಂಚಿಗೆ ಹತ್ತಿರದ ಆಸರೆ ಇರುವುದಿಲ್ಲ. ಕಾರಿನ ಪಕ್ಕದಲ್ಲಿ ನಿಂತು ಬಗ್ಗಿ ನೋಡುವವನ ಕಣ್ಣಿಗೆ ಆ ಜಾಗ ಬೀಳುವುದೂ ಇಲ್ಲ.

ಟೈರಿನ ಮೇಲಿನ ಅಳತೆ 225/40 ಆರ್ 19 ಎಂದಿತ್ತು. ಅಗಲ 225 ಮಿ.ಮೀ., ಸೈಡ್‌ವಾಲ್ ಅದರ ಶೇ. 40, ಎಂದರೆ 90 ಮಿ.ಮೀ.; ಕೊನೆಯ 19 ಎಂಬುದು ರಿಮ್ಮಿನ ವ್ಯಾಸ, ಅಂಗುಲದಲ್ಲಿ. ಹಿಂದಿನ ಚಕ್ರಗಳದು 255/35. ಅಲ್ಲಿಯೂ 89 ಮಿ.ಮೀ. ಮಾತ್ರ. ನನ್ನ ಹಳೆಯ ಸ್ವಿಫ್ಟಿನ 165/80 ಆರ್ 14 ಟೈರಿಗೆ 132 ಮಿ.ಮೀ. ಇದೆ. ಹೊಂಡದ ಅಂಚಿಗೆ ಬಡಿದಾಗ ಬಗ್ಗಿ ಪೆಟ್ಟು ನುಂಗಬೇಕಾದದ್ದು ಈ ರಬ್ಬರಿನ ಎತ್ತರವೇ. ಅದು ಮುಗಿದ ಮೇಲೆ ಕಲ್ಲಿಗೂ ಲೋಹಕ್ಕೂ ನಡುವೆ ಚಪ್ಪಟೆಯಾದ ಟೈರು ಬಿಟ್ಟರೆ ಬೇರೇನೂ ಉಳಿಯುವುದಿಲ್ಲ. ಸಾಮಾನ್ಯ ಟೈರಾಗಿದ್ದರೆ ಇಂಥ ಪೆಟ್ಟಿಗೆ ಎಷ್ಟೋ ಸಲ ತಾನೇ ಹರಿಯುತ್ತದೆ ಅಥವಾ ಪಕ್ಕದಲ್ಲಿ ಬುಗುಟು ಬರುತ್ತದೆ. ರನ್-ಫ್ಲಾಟಿನ ಗೋಡೆ ಗಡುಸಾದ್ದರಿಂದ ಸುಲಭವಾಗಿ ಬಗ್ಗದೆ, ತಾನು ಉಳಿದುಕೊಂಡು ಪೆಟ್ಟನ್ನು ರಿಮ್ಮಿಗೆ ದಾಟಿಸುತ್ತದೆ. ಸವಾರಿ ಗಡುಸೆಂದು ಗಾಳಿ ಕಡಿಮೆ ಮಾಡಿಸುವವರನ್ನೂ ನಾನು ಬಲ್ಲೆ. ಅದರಿಂದ ರಿಮ್ಮು ಕಲ್ಲಿಗೆ ಇನ್ನಷ್ಟು ಹತ್ತಿರವಾಗುತ್ತದೆ, ಅಷ್ಟೇ.

'ಆರ್ಗಾನ್ ವೆಲ್ಡಿಂಗ್ ಮಾಡಿಸಿದರೆ ಸಂಜೆಯೊಳಗೆ ರೆಡಿ' ಎಂದು ಅಲ್ಲಿದ್ದ ಒಬ್ಬರು ಸಲಹೆ ಕೊಟ್ಟರು. ಹೊಸ ರಿಮ್ಮಿನ ಬೆಲೆ ಕೇಳಿದ್ದ ತಮ್ಮನಿಗೆ ಅದು ಒಪ್ಪಿಗೆಯಾಗುವಂತಿತ್ತು. ನಾನು ಒಪ್ಪಲಿಲ್ಲ. ಎರಕದ ಅಲಾಯ್ ಚಕ್ರಗಳನ್ನು ಸಾಮಾನ್ಯವಾಗಿ ಶೇ. 7ರಷ್ಟು ಸಿಲಿಕಾನ್, ಅತ್ಯಲ್ಪ ಮೆಗ್ನೀಸಿಯಂ ಬೆರೆತ ಅಲ್ಯೂಮಿನಿಯಂನಿಂದ ಮಾಡುತ್ತಾರೆ. ಸುಮಾರು 540 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿ, ಥಟ್ಟನೆ ತಣಿಸಿ, ಮತ್ತೆ ಕಡಿಮೆ ಶಾಖದಲ್ಲಿ ಗಂಟೆಗಟ್ಟಲೆ ಇಟ್ಟು ಹದಗೊಳಿಸಿದಾಗಲೇ ಅದಕ್ಕೆ ಆ ಬಲ ಬರುವುದು. ವೆಲ್ಡಿಂಗಿನ ಶಾಖ ತಗುಲಿದ ಪಟ್ಟಿಯಲ್ಲಿ ಈ ಹದ ಕೆಡುತ್ತದೆ. ಬಿರುಕು ಮುಚ್ಚುತ್ತದೆ, ಗಾಳಿಯೂ ನಿಲ್ಲುತ್ತದೆ, ಆದರೆ ಬೆಸುಗೆಯ ಪಕ್ಕದ ಲೋಹ ಮೆತ್ತಗಾಗಿ ಉಳಿಯುತ್ತದೆ. ಆ ಚಕ್ರ ಮತ್ತೆ ಮುಂದಿನ ಆಕ್ಸಲಿಗೆ ಹೋಗಿ, ಬ್ರೇಕಿನ ಹೊರೆ ಹೊತ್ತು ಆಗುಂಬೆ ಘಾಟಿ ಇಳಿಯಬೇಕು.

ತಮ್ಮನಿಗೆ ನನ್ನ ಮಾತು ಪುಸ್ತಕದ ಮಾತೆನಿಸಿತೋ ಏನೋ. ನಾಲ್ಕೂ ಚಕ್ರ ಬಿಚ್ಚಿಸಲು ಹೇಳಿ, ನಾನು ಕಾಲೇಜಿನ ಪ್ರಯೋಗಾಲಯದಿಂದ ಬಿರುಕು ಪತ್ತೆ ಮಾಡುವ ಬಣ್ಣದ ಸ್ಪ್ರೇ ಡಬ್ಬಿಗಳನ್ನು ತಂದೆ. ಒಳಮೈಯನ್ನು ಚೊಕ್ಕಟ ಮಾಡಿ ಕೆಂಪು ದ್ರವ ಸಿಂಪಡಿಸಿ, ಅದು ಇಂಗಲು ಬಿಟ್ಟು, ಮೇಲ್ಮೈ ಒರೆಸಿ ಬಿಳಿ ಪುಡಿಯ ಲೇಪ ಹೊಡೆದರೆ, ಬಿರುಕಿನೊಳಗೆ ಉಳಿದ ಕೆಂಪು ಹೊರಗೆ ಒಸರುತ್ತದೆ. ಹಿಂದಿನ ಬಲಚಕ್ರದ ಒಳಮೈಯಲ್ಲಿ ಬೆಳ್ಳಿ ಬಣ್ಣದ ಕೆಳಗೆ ನಯವಾಗಿ ಉಜ್ಜಿದ ಹಳೆಯ ಬೆಸುಗೆಯೊಂದಿತ್ತು. ಬಿಳಿ ಲೇಪ ಒಣಗುತ್ತಿದ್ದಂತೆ ಆ ಬೆಸುಗೆಗೆ ಒತ್ತಿಕೊಂಡೇ ಇನ್ನೊಂದು ಕೆಂಪು ಗೆರೆ ನಮ್ಮೆಲ್ಲರ ಕಣ್ಣೆದುರು ಮೂಡಿತು. ಕಾರನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಮಾರಿದವರು ಈ ಬೆಸುಗೆಯ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಓಡುವ ಕಾರಿಗೆ ಹೀಗೆ ಬಣ್ಣ ಬಳಿದು ಕೊಡುವುದಕ್ಕೆ ಮನಸ್ಸು ಹೇಗೆ ಬರುತ್ತದೋ ನನಗೆ ಅರ್ಥವಾಗುವುದಿಲ್ಲ. ವೆಲ್ಡಿಂಗಿನ ಮಾತು ಅಲ್ಲಿಗೆ ನಿಂತಿತು.

ಮುಂದೇನೆಂದು ಬಹಳ ಹೊತ್ತು ಚರ್ಚೆಯಾಯಿತು. 17 ಅಂಗುಲದ ರಿಮ್ಮಿಗೆ ಇಳಿದು 225/50 ಟೈರು ಹಾಕಿದರೆ ಸೈಡ್‌ವಾಲ್ 112 ಮಿ.ಮೀ. ದಾಟುತ್ತದೆ. ಆದರೆ ವೇಗದ ಕಾರಿನ ದೊಡ್ಡ ಬ್ರೇಕ್ ಕ್ಯಾಲಿಪರಿಗೆ, ಎಂದರೆ ಬ್ರೇಕಿನ ತಟ್ಟೆಯನ್ನು ಒತ್ತಿ ಹಿಡಿಯುವ ಭಾಗಕ್ಕೆ, ಆ ರಿಮ್ಮು ತಗುಲುತ್ತಿತ್ತು. ಹೀಗಾಗಿ 18 ಅಂಗುಲ, 225/45 ಎಂದು ಗೊತ್ತುಮಾಡಿದೆವು. ಅದರ ಸೈಡ್‌ವಾಲ್ 101 ಮಿ.ಮೀ.; ಒಟ್ಟು ವ್ಯಾಸದಲ್ಲಿ 3 ಮಿ.ಮೀ. ವ್ಯತ್ಯಾಸವಷ್ಟೇ ಆದ್ದರಿಂದ ಸ್ಪೀಡೋಮೀಟರಿಗೂ ತೊಂದರೆಯಿಲ್ಲ. ರನ್-ಫ್ಲಾಟ್ ಬಿಟ್ಟು ಸಾಮಾನ್ಯ ಟೈರು ಹಾಕಿಸಿ, ಡಿಕ್ಕಿಯಲ್ಲಿ ಸಣ್ಣ ಸ್ಟೆಪ್ನಿಯೊಂದನ್ನು ಇಡಬೇಕೆಂಬುದು ನನ್ನ ಅಭಿಪ್ರಾಯವಾಗಿತ್ತು. ಡಿಕ್ಕಿಯ ಜಾಗ ಹೋಗುತ್ತದೆಂದು ಗೊಣಗಿದರೂ ತಮ್ಮ ಒಪ್ಪಿದ. 19 ಅಂಗುಲದ ಚಕ್ರದ ಅಂದ ಹೋಗುತ್ತದೆಂಬ ಕೊರಗು ಅವನಿಗೆ ಇದ್ದೇ ಇತ್ತು, ಅದನ್ನು ನಾನು ಹಗುರವಾಗಿ ಕಾಣಲಿಲ್ಲ; ಆ ಕಾರನ್ನು ಅವನು ಪ್ರೀತಿಯಿಂದಲೇ ಕೊಂಡಿದ್ದ.

ಹೊಸ ಚಕ್ರಗಳು ಬರುವವರೆಗೆ ಕಾರು ನಮ್ಮ ಮನೆಯಂಗಳದಲ್ಲಿಯೇ ಉಳಿಯಿತು; ತಮ್ಮ ರೈಲಿನಲ್ಲಿ ಬೆಂಗಳೂರಿಗೆ ಹೋದ. ಬಿರುಕು ಬಿಟ್ಟ ಎರಡು ರಿಮ್ಮುಗಳಿಗೆ ಗುಜರಿಯವರು ತೂಕದ ಲೆಕ್ಕಕ್ಕಿಂತ ಹೆಚ್ಚು ದುಡ್ಡು ಕೊಡಲು ಮುಂದೆ ಬಂದರು. ಯಾಕೆಂದು ಕೇಳಬೇಕಾಗಿರಲಿಲ್ಲ. ಅಂಗಡಿಯ ಹುಡುಗನಿಗೆ ಹೇಳಿ ಗ್ರೈಂಡರಿನಿಂದ ಎರಡರ ಕಡ್ಡಿಗಳನ್ನೂ ಕತ್ತರಿಸಿ ಹಾಕಿಸಿದ ಮೇಲೆಯೇ, ಬರೀ ಅಲ್ಯೂಮಿನಿಯಂನ ಬೆಲೆಗೆ, ಅವನ್ನು ತಕ್ಕಡಿಗೆ ಹಾಕಿದೆವು.