ಮಂಚದಿಂದ ಶೌಚಾಲಯಕ್ಕೆ ನಲವತ್ತೊಂದು ಹೆಜ್ಜೆ

ಹೋದ ಮಳೆಗಾಲದಲ್ಲಿ ನಮ್ಮ ದೊಡ್ಡಮ್ಮ ನ್ಯುಮೋನಿಯಾ ಆಗಿ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಅವರಿಗೆ 79 ವರ್ಷ. ಆಸ್ಪತ್ರೆಗೆ ಸೇರುವ ಹಿಂದಿನ ದಿನದವರೆಗೂ ರಾತ್ರಿ ಎರಡು ಸಲ ಎದ್ದು, ಗೋಡೆ ಹಿಡಿದುಕೊಂಡು, ಯಾರನ್ನೂ ಎಬ್ಬಿಸದೆ ಬಚ್ಚಲಿಗೆ ಹೋಗಿ ಬರುತ್ತಿದ್ದವರು ಮನೆಗೆ ಮರಳುವಾಗ ಡೈಪರ್ ಹಾಕಿಕೊಂಡಿದ್ದರು. ಡಿಸ್ಚಾರ್ಜ್ ಕಾಗದದಲ್ಲಿ ಶ್ವಾಸಕೋಶದ ಸ್ಥಿತಿ, ರಕ್ತದ ವರದಿ, ಮುಂದುವರಿಸಬೇಕಾದ ಮಾತ್ರೆಗಳು ಎಲ್ಲವೂ ಇದ್ದವು. ಹನ್ನೊಂದು ದಿನಗಳಲ್ಲಿ ಅವರು ಕಳೆದುಕೊಂಡದ್ದರ ಬಗ್ಗೆ ಒಂದು ಸಾಲೂ ಇರಲಿಲ್ಲ. ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎಂದು ನೋಡಲು ಬಂದವರೆಲ್ಲ ಹೇಳಿದರು. ನಾನು ಕಟ್ಟಡಗಳ ನಕ್ಷೆ ಬರೆಯುವವಳು, ಮೂರು ಸಣ್ಣ ಆಸ್ಪತ್ರೆಗಳ ವಾರ್ಡುಗಳನ್ನು ಬರೆದಿದ್ದೇನೆ. ಆ ಹನ್ನೊಂದು ರಾತ್ರಿಗಳಲ್ಲಿ ಆರು ರಾತ್ರಿ ಅವರ ಮಂಚದ ಪಕ್ಕ ಕುಳಿತು ನೋಡಿದ ಮೇಲೆ, ಇದನ್ನು ವಯಸ್ಸಿನ ಮೇಲೆ ಹಾಕಿ ಸುಮ್ಮನಾಗುವುದು ನನ್ನಿಂದ ಸಾಧ್ಯವಾಗುತ್ತಿಲ್ಲ.

ಎರಡನೆಯ ರಾತ್ರಿ ಸುಮಾರು ಎರಡು ಗಂಟೆಗೆ ದೊಡ್ಡಮ್ಮ ನನ್ನ ಕೈ ಮುಟ್ಟಿ, "ಪುಟ್ಟೀ, ಒಂದಕ್ಕೆ ಹೋಗಬೇಕಲ್ಲೇ" ಎಂದರು. ಮಂಚದ ಪಕ್ಕದ ಕಬ್ಬಿಣದ ತಡೆಯನ್ನು ಇಳಿಸಲು ನನಗೆ ಗೊತ್ತಾಗಲಿಲ್ಲ. ಅದು ತುಕ್ಕು ಹಿಡಿದು ಬಿಗಿದುಕೊಂಡಿತ್ತು. ಇಳಿಸಿದ ಮೇಲೆ ಅವರ ಪಾದಗಳು ನೆಲಕ್ಕೆ ಒಂದು ಗೇಣು ಮೇಲೆ ತೂಗುತ್ತಿದ್ದವು, ಏಕೆಂದರೆ ಮಂಚದ ಎತ್ತರ ಡಾಕ್ಟರರು ಬಗ್ಗದೆ ಪರೀಕ್ಷಿಸುವುದಕ್ಕೆ ಅನುಕೂಲವಾಗಿತ್ತೇ ಹೊರತು ಐದಡಿಯೂ ಇಲ್ಲದ ಹೆಂಗಸು ಇಳಿಯುವುದಕ್ಕೆ ಅಲ್ಲ. ಅವರನ್ನು ಇಳಿಸಿ, ಗ್ಲೂಕೋಸ್ ಬಾಟಲಿಯ ಸ್ಟ್ಯಾಂಡನ್ನು ಒಂದು ಕೈಯಲ್ಲಿ, ಅವರನ್ನು ಇನ್ನೊಂದು ಕೈಯಲ್ಲಿ ಹಿಡಿದು, ನಡುದಾರಿಯಲ್ಲಿ ಚಾಪೆ ಹಾಸಿ ಮಲಗಿದ್ದ ರೋಗಿಗಳ ಕಡೆಯವರನ್ನು ದಾಟಿಕೊಂಡು ನಡೆಸಿದೆ. ಎಂಟು ಹೆಜ್ಜೆಯಲ್ಲಿ ಒಂದು ಶೌಚಾಲಯ ಸಿಕ್ಕಿತು. ಅದು ಸಿಬ್ಬಂದಿಯದು, ಬೀಗ ಹಾಕಿತ್ತು. ರೋಗಿಗಳ ಶೌಚಾಲಯ ವಾರ್ಡಿನ ಆ ತುದಿಯಲ್ಲಿತ್ತು. ಮರುದಿನ ಎಣಿಸಿದೆ: ಅವರ ಮಂಚದಿಂದ ನಲವತ್ತೊಂದು ಹೆಜ್ಜೆ, ಅದರ ನಂತರ ನಾಲ್ಕು ಇಂಚಿನ ಹೊಸ್ತಿಲು, ಒಳಗೆ ಒದ್ದೆ ನೆಲ. ಅವತ್ತು ಅಷ್ಟು ದೂರ ನಾವು ಹೋಗಲೇ ಇಲ್ಲ. ಅರ್ಧ ದಾರಿಯಲ್ಲಿ ಸೀರೆಗೇ ಆಗಿಹೋಯಿತು.

ದೊಡ್ಡಮ್ಮ ಅಳಲಿಲ್ಲ, ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಕಾಫಿ ಬೇಡವೆಂದರು, ಮಧ್ಯಾಹ್ನ ಗಂಜಿಯ ಜೊತೆ ಎರಡು ಗುಟುಕು ನೀರು ಕುಡಿದು ಲೋಟವನ್ನು ದೂರ ಸರಿಸಿದರು. ಹೋಗಬೇಕಾದೀತೆಂಬ ಹೆದರಿಕೆಯಿಂದ ಕುಡಿಯುವುದನ್ನೇ ಬಿಟ್ಟಿದ್ದಾರೆಂದು ನನಗೆ ಹೊಳೆದದ್ದು ಸಂಜೆಗೆ. ಜ್ವರವಿರುವ ಮುದುಕರ ಮೈಯಲ್ಲಿ ನೀರು ಕಡಿಮೆಯಾದರೆ ಮೂತ್ರ ಗಾಢವಾಗಿ ಮೂತ್ರಕೋಶವನ್ನು ಕೆರಳಿಸುತ್ತದೆ, ಮಲ ಗಟ್ಟಿಯಾಗಿ ಒಳಗಿನಿಂದ ಮೂತ್ರಕೋಶವನ್ನು ಒತ್ತುತ್ತದೆ, ಬುದ್ಧಿಗೆ ಮಂಕು ಕವಿಯುತ್ತದೆ. ಅಂದರೆ ಅವರು ತಪ್ಪಿಸಿಕೊಳ್ಳಲು ಹೊರಟದ್ದೇ ಇನ್ನಷ್ಟು ಬೇಗ ಬಂದು ಮೇಲೆ ಬೀಳುತ್ತದೆ.

ವಯಸ್ಸು ಇದರಲ್ಲಿ ಪಾಲುದಾರನಲ್ಲವೆಂದು ನಾನು ಹೇಳುತ್ತಿಲ್ಲ. ವಯಸ್ಸಾದಂತೆ ಮೂತ್ರಕೋಶ ಹಿಡಿದಿಟ್ಟುಕೊಳ್ಳುವ ಪ್ರಮಾಣ ಕಡಿಮೆಯಾಗುತ್ತದೆ, ಅದು ಕೊಡುವ ಸೂಚನೆ ತಡವಾಗಿ ಬರುತ್ತದೆ, ಹಗಲಿನಲ್ಲಿ ತಯಾರಾಗುತ್ತಿದ್ದ ಮೂತ್ರದ ದೊಡ್ಡ ಪಾಲು ರಾತ್ರಿಗೆ ಸರಿಯುತ್ತದೆ. ಕಾಲಿನ ಊತಕ್ಕೆ, ಹೃದಯದ ತೊಂದರೆಗೆ ಕೊಡುವ ನೀರಿಳಿಸುವ ಮಾತ್ರೆ ಇದಕ್ಕೆ ಸೇರಿಕೊಂಡರೆ ಅವಸರ ಇನ್ನೂ ಹೆಚ್ಚು. ಆದರೂ ಮನೆಯಲ್ಲಿ ಇದೇ ದೇಹ, ಇದೇ ಮೂತ್ರಕೋಶ ಒಂಬತ್ತು ಹೆಜ್ಜೆ ನಡೆದು ಒಣ ಸೀರೆಯಲ್ಲಿ ಮರಳಿ ಬರುತ್ತಿತ್ತು. ದೇಹ ಕೊಡುವ ಅವಧಿ ಒಂದು ನಿಮಿಷದ್ದಾಗಿ, ಕಟ್ಟಡ ಕೇಳುವ ಅವಧಿ ಮೂರು ನಿಮಿಷದ್ದಾದರೆ, ಆ ಎರಡು ನಿಮಿಷಗಳ ಅಂತರಕ್ಕೆ ಕಾಯಿಲೆಯ ಹೆಸರನ್ನು ರೋಗಿಯ ಮೇಲೆ ಬರೆಯುವುದು ನನಗೆ ಅನ್ಯಾಯವಾಗಿ ಕಾಣುತ್ತದೆ.

ಶೌಚಾಲಯವನ್ನು ವಾರ್ಡಿನ ತುದಿಗೆ ತಳ್ಳುವ ರೂಢಿಗೆ ಹಳೆಯ ಕಾರಣವಿದೆ. ಫ್ಲಾರೆನ್ಸ್ ನೈಟಿಂಗೇಲ್ 1850ರ ದಶಕದ ಕೊನೆಯಲ್ಲಿ ಪ್ರತಿಪಾದಿಸಿದ ಉದ್ದನೆಯ ವಾರ್ಡಿನಲ್ಲಿ ಎರಡೂ ಬದಿಗೆ ಮಂಚಗಳ ಸಾಲು, ಎದುರುಬದುರು ಕಿಟಕಿಗಳು, ತುದಿಯಲ್ಲಿ ಶೌಚಾಲಯಗಳು ಇರುತ್ತಿದ್ದವು. 1871ರಲ್ಲಿ ತೆರೆದ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆ ಈ ಮಾದರಿಯ ಪ್ರಸಿದ್ಧ ಕಟ್ಟಡ. ರೋಗ ಕೆಟ್ಟ ಗಾಳಿಯಿಂದ ಹರಡುತ್ತದೆಂದು ನಂಬಿದ್ದ ಕಾಲದಲ್ಲಿ ದುರ್ವಾಸನೆಯನ್ನು ಮಂಚಗಳಿಂದ ದೂರವಿಡುವುದೇ ರೋಗಿಗೆ ಮಾಡುವ ಉಪಕಾರವಾಗಿತ್ತು. ಆ ಮಾದರಿ ಬ್ರಿಟಿಷರ ಜೊತೆ ನಮ್ಮ ದೇಶಕ್ಕೂ ಬಂತು. ಕೆಟ್ಟ ಗಾಳಿಯ ಸಿದ್ಧಾಂತ ಹೋಗಿ ನೂರು ವರ್ಷ ದಾಟಿದರೂ ಶೌಚಾಲಯ ತುದಿಯಲ್ಲೇ ಉಳಿಯಿತು, ಏಕೆಂದರೆ ಅಷ್ಟರಲ್ಲಿ ಬೇರೆ ಕಾರಣ ಸಿಕ್ಕಿತ್ತು: ಎಲ್ಲ ಮಹಡಿಗಳ ಶೌಚಾಲಯಗಳನ್ನು ಒಂದರ ಮೇಲೊಂದು ಇಟ್ಟು ಒಂದೇ ಕಡೆ ಪೈಪು ಇಳಿಸಿದರೆ ಖರ್ಚು ಉಳಿಯುತ್ತದೆ, ಸೋರಿದರೆ ದುರಸ್ತಿ ಸುಲಭ. ನಾನು ಬರೆದ ಮೂರು ಆಸ್ಪತ್ರೆಗಳಲ್ಲೂ ಹಾಗೆಯೇ ಮಾಡಿದ್ದೇನೆ. ನಕ್ಷೆಯ ಮೇಲೆ ಮಂಚದಿಂದ ಶೌಚಾಲಯಕ್ಕೆ ಒಂದು ಗೆರೆ ಎಳೆದು, ಆ ಗೆರೆಯ ಮೇಲೆ ಎಂಬತ್ತು ವರ್ಷದವರೊಬ್ಬರನ್ನು ಮನಸ್ಸಿನಲ್ಲಾದರೂ ನಡೆಸಿ ನೋಡಲಿಲ್ಲವೆಂಬುದು ನನ್ನನ್ನು ಈಗಲೂ ಚುಚ್ಚುತ್ತದೆ.

ನಾಲ್ಕನೆಯ ದಿನ ದೊಡ್ಡಮ್ಮನಿಗೆ ಮೂತ್ರ ಹೋಗಲು ಪೈಪು, ಅಂದರೆ ಕ್ಯಾತಿಟರ್, ಹಾಕಿದರು. ಸಿಬ್ಬಂದಿಯನ್ನು ದೂರಲಾರೆ, ಅಷ್ಟು ಮಂಚಗಳಿಗೆ ರಾತ್ರಿ ಇಬ್ಬರೇ ನರ್ಸ್‌ಗಳಿದ್ದರು, ಹಾಸಿಗೆ ಒದ್ದೆಯಾಗಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆಂಬ ಅವರ ಆತಂಕ ನಿಜವಾದದ್ದು. ಆದರೆ ಮೂತ್ರನಾಳದಲ್ಲಿ ಕ್ಯಾತಿಟರ್ ಇರುವ ಪ್ರತಿ ದಿನಕ್ಕೂ ಸೋಂಕಿನ ಅಪಾಯ ಶೇ. 3ರಿಂದ 7ರಷ್ಟು ಏರುತ್ತದೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಲೆಕ್ಕ ಹಾಕಿದೆ. ಸೋಂಕಿಗಿಂತಲೂ ನನಗೆ ಭಯ ಹುಟ್ಟಿಸಿದ್ದು, ಪೈಪು ಹಾಕಿದ ಮೇಲೆ ಅವರು ಮಂಚ ಇಳಿಯಲು ಯಾವ ಕಾರಣವೂ ಉಳಿಯಲಿಲ್ಲವೆಂಬುದು. 2007ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಯಾವ ಕಾಯಿಲೆಯೂ ಇಲ್ಲದ ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿದಾಗ ಅವರ ಕಾಲುಗಳ ಕೊಬ್ಬಿಲ್ಲದ ಅಂಗಾಂಶ ಸುಮಾರು ಒಂದು ಕಿಲೋ ಕರಗಿತ್ತು. ದೊಡ್ಡಮ್ಮನ ಪೈಪು ತೆಗೆದಾಗ ಮೂತ್ರಕೋಶ ತನ್ನ ಅಭ್ಯಾಸ ಮರೆತಿತ್ತು, ಕಾಲುಗಳು ಒಂಬತ್ತು ಹೆಜ್ಜೆಗೂ ಸಿದ್ಧವಿರಲಿಲ್ಲ.

ಬೇರೆ ರೀತಿ ಸಾಧ್ಯವೆಂಬುದಕ್ಕೆ ಒಳ್ಳೆಯ ಆಧಾರಗಳಿವೆ. ಅಮೆರಿಕದ ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡಿನ ಆಸ್ಪತ್ರೆಯೊಂದರಲ್ಲಿ 70 ದಾಟಿದ 651 ರೋಗಿಗಳಲ್ಲಿ ಕೆಲವರನ್ನು ಎಂದಿನ ವಾರ್ಡಿನಲ್ಲೂ ಉಳಿದವರನ್ನು ಹಿರಿಯರಿಗೆಂದೇ ಸಜ್ಜುಗೊಳಿಸಿದ ವಾರ್ಡಿನಲ್ಲೂ ಇರಿಸಿ ಹೋಲಿಸಿದರು. ಫಲಿತಾಂಶ 1995ರಲ್ಲಿ ಪ್ರಕಟವಾಯಿತು. ಹೊಸ ವಾರ್ಡಿನಲ್ಲಿ ಹಿಡಿಗಂಬಿಗಳು, ಅಡ್ಡಿಯಿಲ್ಲದ ಓಡಾಟದ ದಾರಿ, ಎತ್ತರಿಸಿದ ಕಮೋಡ್, ತಿರುಗಿಸುವ ಗುಂಡಿಯ ಬದಲು ಒತ್ತಿದರೆ ತೆರೆಯುವ ಬಾಗಿಲ ಹಿಡಿ, ದೊಡ್ಡ ಗಡಿಯಾರ ಇದ್ದವು. ಜೊತೆಗೆ ಎಬ್ಬಿಸಿ ನಡೆಸುವುದನ್ನು ನರ್ಸ್‌ಗಳ ದಿನನಿತ್ಯದ ಕೆಲಸವಾಗಿಸಿದ್ದರು. ಸ್ನಾನ, ಉಡುಪು, ಶೌಚ, ಊಟದಂಥ ಕೆಲಸಗಳನ್ನು ತಾವೇ ಮಾಡಿಕೊಳ್ಳುವುದರಲ್ಲಿ ಆ ವಾರ್ಡಿನಿಂದ ಹೋದವರು ಮುಂದಿದ್ದರು, ಮನೆ ಬಿಟ್ಟು ಆರೈಕೆ ಕೇಂದ್ರ ಸೇರಬೇಕಾದವರು ಶೇ. 22ರಿಂದ 14ಕ್ಕೆ ಇಳಿದಿದ್ದರು. ಇದಕ್ಕಿಂತ ಮುಂಚೆ, 1991ರಲ್ಲಿ, ಅದೇ ರಾಜ್ಯದ ಅಲ್ಜೈಮರ್ಸ್ ಆರೈಕೆ ಕೇಂದ್ರವೊಂದರಿಂದ ಬಂದ ವರದಿ ಇನ್ನೂ ಸರಳವಾದದ್ದು: ಕಮೋಡ್ ಕಣ್ಣಿಗೆ ಕಾಣುವಂತಿದ್ದಾಗ, ಕಾಣದಿದ್ದಾಗಿನದಕ್ಕಿಂತ ಹೆಚ್ಚು ಸಲ ಅಲ್ಲಿನವರು ಅದನ್ನು ಬಳಸಿದರು. ಮರೆವಿರುವವರಿಗೆ ಮುಚ್ಚಿದ ಬಾಗಿಲು ಬರೀ ಬಾಗಿಲು, ಕಾಣುವ ಕಮೋಡ್ ನೆನಪು.

ಆದರೆ ಅಲ್ಲಿಯ ಅಳತೆಗಳನ್ನು ಇಲ್ಲಿಗೆ ಹಾಗೆಯೇ ತಂದರೆ ಆಗದು. ಎತ್ತರಿಸಿದ ಕಮೋಡ್ ಮೇಲೆ ನಮ್ಮ ಕುಳ್ಳಗಿನ ಅಜ್ಜಿಯರು ಕುಳಿತರೆ ಪಾದ ನೆಲಕ್ಕೆ ತಾಗುವುದಿಲ್ಲ, ಪಾದ ಊರದೆ ಮುಕ್ಕಲು ಬಲ ಬರುವುದಿಲ್ಲ. ಆದ್ದರಿಂದ ಜಾರದ ಕಾಲ್ಮಣೆಯೂ ಇರಬೇಕು. ಮೊಣಕಾಲು ನೋವಿರುವವರಿಗೆ ಕುಕ್ಕರುಗಾಲಿನ ಶೌಚಾಲಯ ಆಗದು. ಜೀವನವಿಡೀ ಹಾಗೆಯೇ ಕುಳಿತವರಲ್ಲಿ ಕೆಲವರಿಗೆ ಕಮೋಡ್ ಮೇಲೆ ಬರುವುದೇ ಇಲ್ಲ. ಎರಡೂ ಇರಬೇಕು, ಎರಡಕ್ಕೂ ಹಿಡಿದು ಏಳಲು ಗಟ್ಟಿ ಕಂಬಿ ಬೇಕು. ನಾವು ನೀರು ಬಳಸುವವರು, ಹಾಗಾಗಿ ನೆಲ ಒದ್ದೆಯಾಗಿಯೇ ಇರುತ್ತದೆ. ನೀರು ನಿಲ್ಲದಂತೆ ಇಳಿಜಾರನ್ನು ನಡೆಯುವ ಕಡೆಗೆ ಕೊಡದೆ ಹಿಂಗೋಡೆಯ ಕಡೆಗೆ ಕೊಟ್ಟು, ಹೊಸ್ತಿಲನ್ನು ತೆಗೆದು ಅಲ್ಲಿ ಜಾಲರಿ ಹಾಕಿದ ಸಣ್ಣ ಕಾಲುವೆ ಮಾಡಬಹುದು. ಬಾಗಿಲಿಗೆ 900 ಮಿಲಿಮೀಟರ್ ತೆರವು ಬೇಕೆಂದು ಕೇಂದ್ರ ಸರ್ಕಾರದ 2021ರ ಮಾರ್ಗಸೂಚಿಯೇ ಹೇಳುತ್ತದೆ. ಬಾಗಿಲು ಹೊರಕ್ಕೆ ತೆರೆಯಬೇಕು ಅಥವಾ ಸರಿಯಬೇಕು. ಒಳಕ್ಕೆ ತೆರೆಯುವುದಾದರೆ, ತಲೆಸುತ್ತಿ ಬಾಗಿಲಿಗೇ ಒರಗಿ ಬಿದ್ದವರನ್ನು ಹೊರಗಿನಿಂದ ತಲುಪಲಾಗದು.

ಬಣ್ಣವನ್ನು ನಾವು ಅಲಂಕಾರವೆಂದುಕೊಂಡಿದ್ದೇವೆ. ಬಿಳಿ ಟೈಲ್ಸಿನ ಗೋಡೆ, ಬಿಳಿ ನೆಲ, ಬಿಳಿ ಕಮೋಡ್ ಇದ್ದರೆ ಕಣ್ಣಿನ ಪೊರೆ ಬಂದವರಿಗೆ ಎಲ್ಲಿ ಕೂರಬೇಕೆಂಬುದೇ ಕಾಣುವುದಿಲ್ಲ. ಸೀಟಿಗೆ ಕಡುನೀಲಿಯನ್ನೋ ಕೆಂಪನ್ನೋ ಕೊಟ್ಟರೆ ಕಾಣುತ್ತದೆ. ಹೊಳೆಯುವ ನೆಲ ಅವರಿಗೆ ನೀರು ಚೆಲ್ಲಿದಂತೆಯೂ ಕಪ್ಪು ಕಾಲೊರಸು ಗುಂಡಿಯಂತೆಯೂ ತೋರಬಹುದು. ರಾತ್ರಿ ಇಡೀ ವಾರ್ಡಿನ ದೀಪ ಹಾಕುವ ಬದಲು ಮಂಚದಿಂದ ಶೌಚಾಲಯದವರೆಗೆ ಗೋಡೆಯ ಬುಡದಲ್ಲಿ ಮಂದ ದೀಪಗಳ ಸಾಲು ಸಾಕು. ನಡೆಯಲಾರದವರಿಗೆ ಕಮೋಡ್ ಕುರ್ಚಿಯನ್ನು ಮಂಚದ ಪಕ್ಕಕ್ಕೆ ತರಬಹುದು, ಆದರೆ ಸುತ್ತ ಪೂರ್ತಿ ಎಳೆಯಬಹುದಾದ ಪರದೆ ಇರಲೇಬೇಕು. ಪಕ್ಕದ ಮಂಚದವರ ಮಗ ಅಲ್ಲೇ ನಿಂತಿರುವಾಗ ಬೆಡ್‌ಪ್ಯಾನ್ ಮೇಲೆ ಕೂರಲು ನಮ್ಮ ದೊಡ್ಡಮ್ಮ ಒಪ್ಪಲಿಲ್ಲ. ಯಾರಾದರೂ ಏಕೆ ಒಪ್ಪಬೇಕು? ಜೊತೆಗಿರುವವರಿಗೆ ಮಂಚದ ತಲೆಯ ಕಡೆ ಮಲಗುವಷ್ಟು ಜಾಗವನ್ನು ನಕ್ಷೆಯಲ್ಲೇ ಬರೆದರೆ ಅವರು ನಡುದಾರಿಯಲ್ಲಿ ಚಾಪೆ ಹಾಸುವ ಪ್ರಮೇಯ ಬರುವುದಿಲ್ಲ.

ಹಿರಿಯರ ಆರೋಗ್ಯಕ್ಕಾಗಿ 2010-11ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಜಿಲ್ಲಾ ಆಸ್ಪತ್ರೆಗಳಿಗೆ 10 ಮಂಚಗಳ ವೃದ್ಧರ ವಾರ್ಡಿಗೆ ಅವಕಾಶವಿದೆ. ಹತ್ತು ಮಂಚವೆಂಬುದು ಬಹಳ ಒಳ್ಳೆಯ ಅಳತೆ. ಶೌಚಾಲಯಗಳನ್ನು ಮಧ್ಯದಲ್ಲಿಟ್ಟು ಐದೈದು ಮಂಚಗಳನ್ನು ಎರಡು ಬದಿಗೆ ಹಂಚಿದರೆ ಯಾರಿಗೂ ಹನ್ನೆರಡು ಹೆಜ್ಜೆಗಿಂತ ದೂರವಾಗುವುದಿಲ್ಲ.

ಈಗ ನನ್ನ ಮೇಜಿನ ಮೇಲೆ ತಾಲ್ಲೂಕು ಕೇಂದ್ರವೊಂದರ ಖಾಸಗಿ ಆಸ್ಪತ್ರೆಯ ನಕ್ಷೆಯಿದೆ. ಹದಿನಾಲ್ಕು ಮಂಚಗಳ ವಾರ್ಡಿನಲ್ಲಿ ತುದಿಯ ಶೌಚಾಲಯಗಳನ್ನು ನಡುವಿಗೆ ತಂದಿದ್ದೇನೆ, ಹನ್ನೆರಡು ಮಂಚಗಳು ಹಿಡಿಯುತ್ತವೆ. ಎರಡು ಮಂಚಗಳ ವರಮಾನ ಹೋಗುತ್ತದೆಂದು ಮಾಲೀಕರು, ಪೈಪು ಕೆಳಗಿನ ಔಷಧಿ ಅಂಗಡಿಯ ಮೇಲೆ ಹಾಯುತ್ತದೆಂದು ಎಂಜಿನಿಯರರು ಆಕ್ಷೇಪಿಸಿದ್ದಾರೆ. ಎಂಜಿನಿಯರರ ಮಾತಿನಲ್ಲಿ ಹುರುಳಿದೆ. ಪೈಪನ್ನು ಅಂಗಡಿಯ ಹಿಂಗೋಡೆಗೆ ಸರಿಸಿ ಇನ್ನೊಂದು ನಕ್ಷೆ ಬರೆದಿದ್ದೇನೆ. ಮಾಲೀಕರಿಗೆ ಗುರುವಾರ ತೋರಿಸಬೇಕು, ಈ ಸಲ ಪ್ರತಿ ಮಂಚದಿಂದ ಶೌಚಾಲಯಕ್ಕೆ ಗೆರೆ ಎಳೆದು, ಗೆರೆಯ ಮೇಲೆ ಹೆಜ್ಜೆಗಳ ಸಂಖ್ಯೆ ಬರೆದಿದ್ದೇನೆ.